ಎಚ್‌ಐವಿ ಇದ್ದವರು ಹೆಪಟೈಟಿಸ್ ಸಿಗೂ ಮಾತ್ರೆ ತೆಗೆದುಕೊಳ್ಳಬಹುದೇ?

"ಮೊದಲೇ ಎಚ್‌ಐವಿ ಇದೆ. ಈಗ ಹೆಪಟೈಟಿಸ್ ಸಿ ಕೂಡ ಇದೆ ಎನ್ನುತ್ತಿದ್ದಾರೆ. ಎರಡೆರಡು ಕಾಯಿಲೆಯ ಮಾತ್ರೆಗಳನ್ನು ಈ ದೇಹ ತಡೆದುಕೊಳ್ಳುತ್ತದೆಯೇ?" ಔಷಧ ಕೊಡುವ ಕೆಲಸದಲ್ಲಿರುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಕೇಳುವಾಗಲೇ ದನಿ ಅರ್ಧ ಇಳಿದಿರುತ್ತದೆ. ನನ್ನ ಉತ್ತರ ಇಷ್ಟು: ತಡೆದುಕೊಳ್ಳುತ್ತದೆ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಹೆಚ್ಚುಕಡಿಮೆ ಎಲ್ಲರಲ್ಲೂ ಪೂರ್ತಿ ವಾಸಿಯೂ ಆಗುತ್ತದೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಹೆಪಟೈಟಿಸ್ ಸಿಗೆ ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರಿಬಾವಿರಿನ್ ಮಾತ್ರೆ, ಹೀಗೆ 48 ವಾರ ನಡೆಯುತ್ತಿತ್ತು. ಜ್ವರ, ರಕ್ತಹೀನತೆ, ಖಿನ್ನತೆ. ಎಚ್‌ಐವಿ ಇದ್ದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಷ್ಟೆಲ್ಲ ಅನುಭವಿಸಿದ ಮೇಲೂ ವಾಸಿಯಾದವರು ನೂರಕ್ಕೆ ಸುಮಾರು 40 ಮಂದಿ. ಆ ಕಾಲವನ್ನು ಕಂಡವರು ಬೇಡವೆಂದರೆ ನಾನು ತಪ್ಪೆನ್ನಲಾರೆ. ಆದರೆ 2013ರ ಕೊನೆಯಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆ ಬಂದ ಮೇಲೆ ಲೆಕ್ಕವೇ ಬದಲಾಯಿತು. ಈಗ ನುಂಗುವ ಮಾತ್ರೆ ಮಾತ್ರ. ಹೆಚ್ಚಿನವರಿಗೆ 12 ವಾರ, ಕೆಲವು ಔಷಧಗಳಲ್ಲಿ 8 ವಾರವೇ ಸಾಕು. ನೂರಕ್ಕೆ 95ರಷ್ಟು ಜನರಿಗೆ ವಾಸಿಯಾಗುತ್ತದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಈ ಸಂಖ್ಯೆ ಇಳಿಯುವುದಿಲ್ಲ.

ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಯೇ ಹೆಪಟೈಟಿಸ್ ಸಿಯನ್ನೂ ನೋಡಿಕೊಳ್ಳುತ್ತದೆ ಎಂದುಕೊಂಡವರೂ ಇದ್ದಾರೆ. ಅದು ಆ ವೈರಸ್ಸನ್ನು ಮುಟ್ಟುವುದೇ ಇಲ್ಲ. ಎರಡೂ ಸೋಂಕು ಒಟ್ಟಿಗಿದ್ದಾಗ ಯಕೃತ್ತು ಬೇಗ ಗಟ್ಟಿಯಾಗುತ್ತಾ ಹೋಗುತ್ತದೆ; ಎಆರ್‌ಟಿ ಆ ವೇಗವನ್ನು ತಗ್ಗಿಸಬಲ್ಲದು, ನಿಲ್ಲಿಸಲಾರದು. ಹಾಗಾಗಿ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕಣಗಳು ತೀರಾ ಕಡಿಮೆಯಿದ್ದು ಎಆರ್‌ಟಿಯನ್ನೇ ಇನ್ನೂ ಶುರು ಮಾಡದವರ ಮಾತು ಬೇರೆ. ಅವರಿಗೆ ಮೊದಲು ಎಆರ್‌ಟಿ.

ನಿಜವಾಗಿ ಎಚ್ಚರ ಬೇಕಾದದ್ದು ಮಾತ್ರೆಗಳ ಜೋಡಣೆಯಲ್ಲಿ. ಎಫಾವಿರೆಂಜ್ ಎಂಬ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಪಟೈಟಿಸ್ ಸಿ ಔಷಧವಾದ ವೆಲ್ಪಟಾಸ್ವಿರ್ ಪ್ರಮಾಣ ರಕ್ತದಲ್ಲಿ ಬಹಳ ಇಳಿದುಹೋಗುತ್ತದೆ, ಆದ್ದರಿಂದ ಇವೆರಡನ್ನೂ ಜೊತೆಗೆ ಕೊಡುವುದಿಲ್ಲ. ಎಚ್‌ಐವಿಯ ಇನ್ನೊಂದು ಮಾತ್ರೆ ಡೊಲುಟೆಗ್ರಾವಿರ್‌ಗೆ ಆ ತೊಡಕಿಲ್ಲ. ಎಆರ್‌ಟಿಯಲ್ಲಿ ಟೆನೊಫೊವಿರ್ ಇದ್ದರೆ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಈ ಚಿಕಿತ್ಸೆಯನ್ನೇ ಕೆಡಿಸಬಲ್ಲವು. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬನ್ನಿ ಎಂದು. ಒಬ್ಬರು ಎಚ್‌ಐವಿ ಮಾತ್ರೆಯ ಡಬ್ಬಿಯೊಂದನ್ನೇ ಮೇಜಿನ ಮೇಲಿಟ್ಟು ಇಷ್ಟೇ ಎಂದರು. ಇನ್ನೊಮ್ಮೆ ಕೇಳಿದಾಗ ಅಂಗಿಯ ಜೇಬಿನಿಂದ ಅರ್ಧ ಖಾಲಿಯಾದ, ಅಂಚು ಮುದುರಿದ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆ ಹೊರಬಂತು. "ಇದೂ ಲೆಕ್ಕಕ್ಕೆ ಬರುತ್ತದೆಯೇ?" ಬರುತ್ತದೆ! ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಆ ಆಮ್ಲವನ್ನೇ ತಗ್ಗಿಸುವ ಮಾತ್ರೆ ಜೊತೆಗಿದ್ದರೆ ಔಷಧ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ.

ಜೋಡಣೆ ಸರಿಬರದಿದ್ದರೆ ವೈದ್ಯರು ಎಆರ್‌ಟಿಯನ್ನು ಬದಲಿಸುತ್ತಾರೆ. ನೀವಾಗಿಯೇ ಅದನ್ನು ಒಂದು ದಿನವೂ ಬಿಡಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಶುರುವಿಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಿರಬೇಕು. ಸಿ ಹೋದಾಗ, ಒಳಗೆ ಅಡಗಿದ್ದ ಬಿ ಎದ್ದು ಕೂರುವುದುಂಟು.

ಚಿಕಿತ್ಸೆ ಮುಗಿದ 12 ವಾರಗಳ ನಂತರ ಮಾಡಿಸುವ, ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಕಾಣದಿದ್ದರೆ ವಾಸಿಯಾಯಿತೆಂದೇ ಅರ್ಥ. ಮುಂದೆಂದೋ ಆಂಟಿಬಾಡಿ ಪರೀಕ್ಷೆ ಮಾಡಿಸಿ, "ಪಾಸಿಟಿವ್" ಎಂಬ ಚೀಟಿ ಹಿಡಿದು ಅಳುತ್ತಾ ಬಂದವರನ್ನು ನೋಡಿದ್ದೇನೆ. ಆಂಟಿಬಾಡಿ ಎಂದರೆ ವೈರಸ್ಸಿಗೆ ಎದುರಾಗಿ ದೇಹ ಹುಟ್ಟಿಸಿದ ಹಳೆಯ ಗುರುತು, ವಾಸಿಯಾದ ಮೇಲೂ ಉಳಿದಿರುತ್ತದೆ. ಅದರಿಂದ ರಕ್ಷಣೆಯೇನೂ ಸಿಗುವುದಿಲ್ಲ, ಸೋಂಕು ಮತ್ತೆ ತಗಲಬಹುದು. ತಗಲಿದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಮತ್ತೆ ಚಿಕಿತ್ಸೆ ಇದೆ. ಇನ್ನು ಚಿಕಿತ್ಸೆಗೆ ಮುಂಚೆಯೇ ಯಕೃತ್ತು ತೀರಾ ಗಟ್ಟಿಯಾಗಿ ಸಿರೋಸಿಸ್ ಆಗಿದ್ದವರು, ವೈರಸ್ ಹೋಗಿದ್ದರೂ ಆರು ತಿಂಗಳಿಗೊಮ್ಮೆ ಯಕೃತ್ತಿನ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು; ಕ್ಯಾನ್ಸರಿನ ಅಪಾಯ ತಗ್ಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ.