ಜಿಪ್ಸಿಯ ಟ್ರೇಲರ್: ಮೂಕಿ ಆಯ್ತು, ತೂಕ ಆಯ್ತು, ಬ್ರೇಕ್ ಬಾಕಿ

ನನ್ನ ಮಾರುತಿ ಜಿಪ್ಸಿ ಜೀಪಿಗೆ ಕಟ್ಟಲು ಮಾಡಿಸುತ್ತಿರುವ ಟ್ರೇಲರ್ ಈಗ ತನ್ನ ಚಕ್ರಗಳ ಮೇಲೆ ನಿಂತಿದೆ. ಚಾಸಿ ವೆಲ್ಡಿಂಗ್ ಮುಗಿಯಿತು, ಆಕ್ಸಲ್ ಕೂತಿತು, ಲೈಟಿನ ವೈರಿಂಗೂ ಆಯಿತು. ಬಾಕಿ ಇರುವುದು ಬ್ರೇಕ್. ತೋಟ ಮೂಡಿಗೆರೆ ಕಡೆ. ಕೊಯ್ಲು ಶುರುವಾದರೆ ಇಳಿಜಾರಿನ ಪ್ಲಾಟಿನಿಂದ ಕಣಕ್ಕೆ ಕಾಫಿ ಹಣ್ಣಿನ ಮೂಟೆ ಸಾಗಿಸಬೇಕು, ಅಷ್ಟರೊಳಗೆ ಇದು ತಯಾರಾಗಬೇಕು.

ಜಿಪ್ಸಿಗೆ ಟ್ರೇಲರ್ ಕಟ್ಟುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು, 1.3 ಲೀಟರ್ ಪೆಟ್ರೋಲ್ ಎಂಜಿನ್ ಎಳೆಯುತ್ತಾ ಅಂತ. ಎಳೆಯುತ್ತದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ, ನಿಧಾನದ ಗೇರು) ಹಾಕಿ ಫಸ್ಟ್ ಗೇರಿನಲ್ಲಿ ಬಿಟ್ಟರೆ ಅರ್ಧ ಟನ್ ಹಿಂದೆ ಕಟ್ಟಿಕೊಂಡು ನಮ್ಮ ತೋಟದ ಏರನ್ನು ಆರಾಮಾಗಿ ಹತ್ತುತ್ತದೆ. ನನಗೆ ಚಿಂತೆ ಇದ್ದದ್ದು ವಾಪಸ್ ಇಳಿಯುವಾಗಿನದು. ಹಿಂದಿನ ಭಾರ ಮುಂದಿನ ಗಾಡಿಯನ್ನು ತಳ್ಳಲು ಶುರು ಮಾಡಿದಾಗ ಇಷ್ಟು ಗಿಡ್ಡ, ಇಷ್ಟು ಹಗುರ ಜೀಪು ನೇರವಾಗಿ ಉಳಿಯುತ್ತಾ? ಈ ಟ್ರೇಲರಿನ ಒಂದೊಂದು ಅಳತೆಯೂ ಈ ಪ್ರಶ್ನೆ ಇಟ್ಟುಕೊಂಡೇ ತೀರ್ಮಾನವಾಗಿದ್ದು.

ಲೆಕ್ಕ ಹೇಳುತ್ತೇನೆ. ಜಿಪ್ಸಿಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ, 2375 ಮಿ.ಮೀ. ಬೊಲೆರೊದ್ದು 2680. ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ ಕೊಂಡಿಯವರೆಗೆ 950 ಮಿ.ಮೀ. ಬಂತು. ಅಂದರೆ ಕೊಂಡಿಯ ಮೇಲೆ 50 ಕೆಜಿ ಕೂತರೆ ಮುಂದಿನ ಚಕ್ರಗಳಿಂದ 20 ಕೆಜಿ ಮೇಲೆದ್ದು ಹೋಗುತ್ತದೆ, ಹಿಂದಿನ ಚಕ್ರಗಳ ಮೇಲೆ 50ರ ಬದಲು 70 ಬೀಳುತ್ತದೆ. ಪಕ್ಕಕ್ಕೆ ತಳ್ಳುವ ಬಲಕ್ಕೂ ಇದೇ ಲೆಕ್ಕ. ಟ್ರೇಲರ್ ಕೊಂಡಿಯನ್ನು ಎಡಕ್ಕೆ ದಬ್ಬಿದರೆ ಜೀಪು ಹಿಂದಿನ ಆಕ್ಸಲ್ ಸುತ್ತ ತಿರುಗಲು ನೋಡುತ್ತದೆ, ಅದನ್ನು ತಡೆದು ಹಿಡಿಯಬೇಕಾದದ್ದು ಮುಂದಿನ ಟೈರು, ಆದರೆ ಆ ಟೈರಿನ ಮೇಲಿನ ಭಾರವೇ ಈಗ ಕಡಿಮೆ. ವೀಲ್‌ಬೇಸ್ ಗಿಡ್ಡ ಆದಷ್ಟೂ, ಕೊಂಡಿ ಆಕ್ಸಲ್‌ನಿಂದ ದೂರ ಹೋದಷ್ಟೂ ಇದು ಜಾಸ್ತಿ. ವೀಲ್‌ಬೇಸ್ ಬದಲಿಸಲು ಆಗಲ್ಲ, ಕೊಂಡಿಯ ಜಾಗ ನಮ್ಮ ಕೈಯಲ್ಲಿದೆ. ಹಾಗಾಗಿ ಬಂಪರಿನ ಆಚೆ ಉದ್ದಕ್ಕೆ ಚಾಚಿದ ಕೊಂಡಿ ಬೇಡ ಅಂದೆ. ಎರಡೂ ಚಾಸಿ ರೈಲಿಗೆ ಅಡ್ಡಪಟ್ಟಿ ಬೋಲ್ಟ್ ಮಾಡಿಸಿ, ಕೊಂಡಿಯನ್ನು ಆದಷ್ಟು ಒಳಗೆ ಕೂರಿಸಿದ್ದೇನೆ. ಬರೀ ಬಂಪರಿಗೆ ಕೊಂಡಿ ಹಾಕಿಕೊಂಡು ಓಡಾಡುವವರನ್ನು ನಮ್ಮ ಕಡೆ ತುಂಬ ನೋಡುತ್ತೇನೆ, ದಯವಿಟ್ಟು ಬೇಡ. ಬಂಪರ್ ಇರುವುದು ಅದಕ್ಕಲ್ಲ.

ಕೊಂಡಿ ಪಿಂಟಲ್ ಹುಕ್ (ಬಾಯಿ ಮುಚ್ಚಿ ಬಿಗಿಯುವ ಕೊಕ್ಕೆ), ಅದಕ್ಕೆ ಸಿಕ್ಕಿಸಲು ಟ್ರೇಲರ್ ಕಡೆ ದಪ್ಪ ಬಳೆ. ಗುಂಡಿನ ಆಕಾರದ 50 ಮಿ.ಮೀ. ಬಾಲ್ ಕೊಂಡಿ ಹಾಕಿದ್ದರೆ ಟಾರು ರಸ್ತೆಯಲ್ಲಿ ಸದ್ದು ಕಡಿಮೆ ಇರುತ್ತಿತ್ತು, ಆದರೆ ಜೀಪು ಒಂದು ಕಡೆ ವಾಲಿ ಟ್ರೇಲರ್ ಇನ್ನೊಂದು ಕಡೆ ವಾಲುವ ತೋಟದ ದಾರಿಗೆ ಬಳೆಯೇ ಸರಿ. ಸ್ವಲ್ಪ ಕಟಕಟ ಅನ್ನುತ್ತದೆ, ಪರವಾಗಿಲ್ಲ.

ಮೂಕಿಯ (ಟ್ರೇಲರಿನಿಂದ ಕೊಂಡಿಯವರೆಗೆ ಚಾಚುವ ತೊಲೆಯ) ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಕೊಂಡಿಯಿಂದ ಟ್ರೇಲರ್ ಆಕ್ಸಲ್‌ವರೆಗೆ 2100 ಮಿ.ಮೀ. ಇಟ್ಟಿದ್ದೇನೆ. ವೆಲ್ಡಿಂಗ್ ಮಾಡಿದವರಿಗೆ ಇಷ್ಟು ಉದ್ದ ಯಾಕೆ ಅನ್ನಿಸಿತ್ತು. ಗಿಡ್ಡ ಮೂಕಿಯ ಟ್ರೇಲರ್ ಬೇಗ ಓಲಾಡುತ್ತದೆ, ರಿವರ್ಸ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮಡಚಿಕೊಳ್ಳುತ್ತದೆ. ಉದ್ದ ಮೂಕಿ ನಿಧಾನವಾಗಿ ತಿರುಗುತ್ತದೆ, ಸರಿ ಮಾಡಲು ಸಮಯ ಕೊಡುತ್ತದೆ. ಬೆಲೆಯೂ ಇದೆ, ತಿರುವಿನಲ್ಲಿ ಟ್ರೇಲರ್ ಚಕ್ರ ಇನ್ನೂ ಒಳಗೆ ಸರಿದು ಹೋಗುತ್ತದೆ, ಹಾಗಾಗಿ ಎರಡು ಕಡೆ ಅಂಚಿನ ಕಲ್ಲು ತೆಗೆಸಿ ದಾರಿ ಅಗಲ ಮಾಡಿಸಬೇಕಾಯಿತು. ಜಿಪ್ಸಿಯ ಹಿಂದಿನ ಬಾಗಿಲಲ್ಲಿ ಸ್ಟೆಪ್ನಿ ಇರುವುದರಿಂದ ಪೂರ್ತಿ ತಿರುಗಿಸಿದಾಗಲೂ ಟ್ರೇಲರಿನ ಮೂಲೆ ಅದಕ್ಕೆ ತಾಗಬಾರದು, ಅದನ್ನೂ ನೋಡಿಕೊಂಡೆ.

ಟೈರು ಮತ್ತು ಎರಡು ಚಕ್ರದ ನಡುವಿನ ಅಗಲ ಜೀಪಿನದ್ದೇ. ಎರಡನೇ ಮಹಾಯುದ್ಧದ ಕಾಲು ಟನ್ ಜೀಪ್ ಟ್ರೇಲರಿನಲ್ಲೂ ಹೀಗೇ ಇತ್ತು, ಜೀಪಿನ 6.00-16 ಟೈರೇ ಅದಕ್ಕೂ. ಸ್ಟೆಪ್ನಿ ಒಂದೇ ಸಾಕು, ಜೀಪು ಮಾಡಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ, ಕೆಸರಿನಲ್ಲಿ ಹೊಸ ಜಾಡು ತುಳಿಯುವ ಕೆಲಸ ಇಲ್ಲ. ಆ ಟ್ರೇಲರಿಗೆ ಕಚ್ಚಾ ದಾರಿಯಲ್ಲಿ ಹೇರಲು ಬಿಡುತ್ತಿದ್ದದ್ದು 500 ಪೌಂಡ್, ಅಂದರೆ ಸುಮಾರು 227 ಕೆಜಿ ಮಾತ್ರ. ಇವತ್ತು ಅದೇ ಅಳತೆಯ ಟ್ರೇಲರಿಗೆ ಒಂದು ಟನ್ ಮರಳು ಹೇರುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ತೂಕ. ಖಾಲಿ ಟ್ರೇಲರ್ 200 ಕೆಜಿ ಬಂತು. 50 ಕೆಜಿಯ ಆರು ಮೂಟೆ ಸೇರಿದರೆ 500. ಬ್ರಿಟನ್‌ನಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ 750 ಕೆಜಿ ಅಥವಾ ಎಳೆಯುವ ಗಾಡಿಯ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಜಿಪ್ಸಿ ಹೆಚ್ಚುಕಮ್ಮಿ ಒಂದು ಟನ್, ಅರ್ಧ ಅಂದರೆ 500. ಅದನ್ನೇ ನನ್ನ ಮಿತಿ ಅಂತ ಇಟ್ಟುಕೊಂಡಿದ್ದೇನೆ, ಅದೂ ತೋಟದ ಒಳಗೆ, ನಡಿಗೆಯ ವೇಗದಲ್ಲಿ.

ಎಷ್ಟು ಹೇರುತ್ತೀವಿ ಅನ್ನುವುದಕ್ಕಿಂತ ಎಲ್ಲಿ ಹೇರುತ್ತೀವಿ ಅನ್ನುವುದು ಇನ್ನೂ ಮುಖ್ಯ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಹೆಗಲು ಹೋಗುತ್ತದೆ. ಟ್ರೇಲರಿನಲ್ಲಿ ಹಿಂಭಾರವಾದರೆ ಅದು ಹಾವಿನ ಹಾಗೆ ಓಲಾಡಲು ಶುರು ಮಾಡುತ್ತದೆ, ಗಿಡ್ಡ ಜೀಪು ಆ ಓಲಾಟಕ್ಕೆ ತಾನೂ ಓಲಾಡುತ್ತದೆ. ನಾನು ಇಟ್ಟುಕೊಂಡಿರುವುದು ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ, ಅಂದರೆ 50 ಕೆಜಿ. ಅಳೆಯುವುದು ಸುಲಭ. ಹಣ್ಣು ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಎಲ್ಲ ತೋಟದಲ್ಲೂ ಇರುತ್ತದೆ ಅಲ್ವಾ, ಸಮತಟ್ಟು ನೆಲದಲ್ಲಿ ಅದರ ಮೇಲೆ ಮರದ ತುಂಡು ನಿಲ್ಲಿಸಿ, ಬಳೆ ಸರಿಯಾಗಿ ಕೊಂಡಿಯ ಎತ್ತರಕ್ಕೆ ಬರುವ ಹಾಗೆ ಅದರ ಮೇಲೆ ಕೂರಿಸಿದರೆ ಆಯಿತು. ಮರದ ತೂಕ ಕಳೆಯಬೇಕು.

ಒಂದು ಮೂಟೆಯನ್ನು ಒಂದು ಅಡಿ ಹಿಂದಕ್ಕೆ ಸರಿಸಿ ನೋಡಿದೆ. ಕೊಂಡಿಯ ಮೇಲಿನ ಭಾರ ಏಳು ಕೆಜಿ ಇಳಿಯಿತು. ಏರಿನಲ್ಲಿ ಎರಡು ಮೂರು ಮೂಟೆ ಒಟ್ಟಿಗೆ ಜಾರಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ತಳದಲ್ಲಿ ಎರಡು ಅಡ್ಡ ಪಟ್ಟಿ ವೆಲ್ಡ್ ಮಾಡಿಸಿದೆ, ಮೂಟೆ ಅವುಗಳ ನಡುವೆ ಕೂರುತ್ತದೆ, ಮೇಲೆ ಹಗ್ಗ. ಒಂದರ ಮೇಲೊಂದು ಪೇರಿಸುವುದಿಲ್ಲ.

ಸೇಫ್ಟಿ ಚೈನ್ ಎರಡು, ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವ ಹಾಗೆ. ಕೊಂಡಿ ಬಿಟ್ಟರೂ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಚೈನಿನ ಮೇಲೆ ಬೀಳುತ್ತದೆ. ಲೈಟಿಗೆ ಬೇರೆ ಅರ್ಥ್ ವೈರ್ ಎಳೆದೆ, ಕೊಂಡಿಯ ಮೂಲಕವೇ ಅರ್ಥ್ ಸಿಗುತ್ತದೆ ಅಂತ ಬಿಟ್ಟರೆ ತುಕ್ಕು ಹಿಡಿದ ದಿನ ಇಂಡಿಕೇಟರ್ ಹೋಯಿತು. ಇನ್ನೊಂದು ಮಾತು, 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರೂ ಟ್ರೇಲರಿನ ಮೇಲೆ ಕಾಣಬೇಕು. ಕಾಗದ ಆಗುವವರೆಗೆ ಗೇಟಿನ ಆಚೆ ಹೋಗುವುದಿಲ್ಲ.

ಓಡಿಸಿ ನೋಡಿದ್ದರ ಬಗ್ಗೆ. ರಿವರ್ಸ್‌ಗೆ ಸ್ಟೀರಿಂಗಿನ ಕೆಳಭಾಗ ಹಿಡಿದುಕೊಂಡರೆ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ಸ್ವಲ್ಪ ಸ್ವಲ್ಪ ತಿರುಗಿಸಬೇಕು, ಕೋನ ಜಾಸ್ತಿ ಆಯಿತು ಅನ್ನಿಸಿದರೆ ಹಟ ಬೇಡ, ಮುಂದೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು. ಒದ್ದೆ ಕೆಂಪು ಮಣ್ಣಿನ ಇಳಿಜಾರಿಗೆ ಯಾವಾಗಲೂ ಫೋರ್ ಲೋ, ಇಳಿಯುವ ಮೊದಲೇ. ಟೂ ವೀಲಿನಲ್ಲಿ ಎಂಜಿನ್ ತಡೆಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ, ಟ್ರೇಲರ್ ತಳ್ಳುತ್ತಿರುವುದೂ ಅದೇ ಕಡೆಯಿಂದ. ಅವು ಜಾರಿದರೆ ಜೀಪು ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ಫೋರ್ ವೀಲಿನಲ್ಲಿ ಆ ತಡೆ ನಾಲ್ಕೂ ಚಕ್ರಕ್ಕೆ ಹಂಚಿ ಹೋಗುತ್ತದೆ. ಒಣ ಟಾರಿನಲ್ಲಿ ಮಾತ್ರ ಬೇಡ, ಜಿಪ್ಸಿಯಲ್ಲಿ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ತಿರುವಿನಲ್ಲಿ ಬಿಗಿದುಕೊಳ್ಳುತ್ತದೆ. ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿಯಬೇಕು, ಬ್ರೇಕ್ ತುಳಿಯಬಾರದು, ಓಲಾಟದ ಎದುರು ಸ್ಟೀರಿಂಗ್ ತಿರುಗಿಸಲೂ ಬಾರದು.

ಮುಂದಿನದು ಓವರ್‌ರನ್ ಬ್ರೇಕ್. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಮೂಕಿಯ ತುದಿಯ ದಂಡ ಒಳಗೆ ಸರಿದು ರಾಡನ್ನು ಎಳೆಯುತ್ತದೆ, ಡ್ರಮ್ ಹಿಡಿಯುತ್ತದೆ. ಡ್ರಮ್ ಎರಡೂ ಸಿಕ್ಕಿವೆ. ತೊಂದರೆ ಒಂದೇ, ರಿವರ್ಸ್ ಹೋಗುವಾಗಲೂ ದಂಡ ಒಳಗೆ ಸರಿದು ಬ್ರೇಕ್ ಹಿಡಿದುಬಿಡುತ್ತದೆ, ಅದಕ್ಕೆ ಪಿನ್ ಹಾಕಿ ತಡೆಯಬೇಕು, ಆಮೇಲೆ ನೆನಪಿಟ್ಟು ತೆಗೆಯಲೂಬೇಕು. ಬ್ರೇಕ್ ಕೂತು ಪರೀಕ್ಷೆ ಆಗುವವರೆಗೆ ಆರು ಮೂಟೆಗಿಂತ ಹೆಚ್ಚಿಲ್ಲ, ಕಾಗದ ಕೈಗೆ ಬಂದರೂ ಚಾರ್ಮಾಡಿ ಘಾಟಿಯ ಮಾತೇ ಇಲ್ಲ. ಆ ಪಿನ್ನನ್ನು ಡ್ರೈವರ್ ಸೀಟಿನಿಂದಲೇ ಕೇಬಲ್ ಎಳೆದು ಹಾಕುವ, ತೆಗೆಯುವ ಹಾಗೆ ಯಾರಾದರೂ ಮಾಡಿಸಿದ್ದರೆ ದಯವಿಟ್ಟು ಫೋಟೋ ಹಾಕಿ.