ಫರ್ಸಿ ಮ್ಯಾಲ ಎರಡು ಗೆರಿ, ಕಾಕಾನ ಎಮ್ಮಿ ಲೆಕ್ಕ

ಆಳಂದ ಕಡೆ ನಮ್ ಕಾಕಾಂದು ನಾಕ್ ಎಮ್ಮಿ ಅವ. ಒಂದ್ ಎಮ್ಮಿಗೆ ದಿನಾ ಕಣಕಿ, ಶೇಂಗಾ ಹಿಂಡಿ, ತೊಗರಿ ಚುನ್ನಿ ಎಷ್ಟೆಷ್ಟ್ ಹಾಕ್ಬೇಕು, ಲೆಕ್ಕಾ ಮಾಡಿ ಕೊಡೋ ತಮ್ಮಾ ಅಂದ್ರು. ಪ್ರೋಟೀನ್ ಇಷ್ಟರ ಇರ್ಬೇಕು, ರೊಕ್ಕ ಇಷ್ಟು ದಾಟಬಾರ್ದು, ತೂಕನೂ ಇಷ್ಟರೊಳಗ. ಎಲ್ಲಕ್ಕಿಂತ ಅಗ್ಗದ್ದು ಬೇಕಾಗಿಲ್ಲ, ಎಲ್ಲಾ ಷರತ್ತಿಗೂ ಕೂಡೋದು ಒಂದ್ ಸಿಕ್ರ ಆತು. ಇದೇ ಫೀಸಿಬಿಲಿಟಿ ಪ್ರಾಬ್ಲಮ್.

ವಿಧಾನ ಭಾಳ ಸಾದಾ ಅದ ನೋಡ್ರಿ. ಒಂದೊಂದ್ ಮಿಶ್ರಣ ಒಂದ್ ಚುಕ್ಕಿ, ಒಂದೊಂದ್ ಷರತ್ತಿನ ಗಡಿ ಒಂದ್ ಗೆರಿ ಅಂತ ತಿಳ್ಕೋರಿ. ಎಲ್ಲಿಂದರ ಶುರು ಮಾಡು, ಯಾವ ಷರತ್ತು ಮುರಿದದ ಅದರ ಗಡಿಗೆ ಲಂಬ ಹಿಡಿದು ಹೋಗಿ ನಿಂದ್ರು, ಮುರಿದಿಲ್ಲಂದ್ರ ಸುಮ್ನಿರು, ಮುಂದಿನ ಷರತ್ತಿಗೆ ಹೋಗು, ಮುಗೀತಂದ್ರ ತಿರುಗಿ ಮೊದ್ಲಿಂದ. ಸಮೀಕರಣಕ್ಕ ಇದನ್ನ ಪೋಲೆಂಡಿನ ಗಣಿತಜ್ಞ ಕಾಚ್ಮಾರ್ಜ್ 1937ರಾಗ ಕೊಟ್ರು, ಅಸಮಾನತೆಗೆ (ಇಷ್ಟರ ಇರ್ಬೇಕು, ಇಷ್ಟು ದಾಟಬಾರ್ದು ಅನ್ನೋ ಷರತ್ತಿಗೆ) 1954ರಾಗ ಆಗ್ಮನ್, ಮೋಟ್ಸ್ಕಿನ್, ಶೋನ್‌ಬರ್ಗ್. 1970ರಾಗ ಎಕ್ಸ್‌ರೇ ಅಳತಿಯಿಂದ ಒಳಗಿನ ಚಿತ್ರ ಕಟ್ಟೋರಿಗೂ ಇದೇ ಉಪಾಯ ಹೊಳೀತು.

ಆದ್ರ ನನ್ ಕೋಡ್ ಮುಗೀಲೇ ಒಲ್ದು. ಲ್ಯಾಪ್‌ಟಾಪಿಗೆ ಬೈಕೋತ ಕುಂತಿದ್ದೆ, ಅಷ್ಟ್ರಾಗ ಕರೆಂಟೂ ಹೋತು, ಕಲಬುರಗಿ ಮೇ ತಿಂಗಳು, ಮಧ್ಯಾಹ್ನ ಮೂರು, ತಂಪಿರೋದು ಶಹಾಬಾದ್ ಫರ್ಸಿ ಒಂದೇ, ಅದರ ಮ್ಯಾಲೇ ಕುಂತು ಅಕ್ಕನ ಮಗನ ಚಾಕ್‌ಪೀಸ್ ತಗೊಂಡು ಎರಡು ಗೆರಿ ಎಳದೆ. ನಡುವ 45 ಡಿಗ್ರಿ. ಗೆರಿ ಕೂಡೋ ಜಾಗದಿಂದ 8 ಗೇಣು ದೂರ ಈ ಗೆರಿ ಮ್ಯಾಲ ಒಂದ್ ಚುಕ್ಕಿ ಇಟ್ಟು, ಆ ಗೆರಿಗೆ ಲಂಬ, ಅಲ್ಲಿಂದ ತಿರುಗಿ ಈ ಗೆರಿಗೆ ಲಂಬ, ಇದು ಒಂದ್ ಸುತ್ತು. ಸುತ್ತಿಗೊಮ್ಮೆ ದೂರ 4, 2, 1. ಮೂರೇ ಸುತ್ತು! ಆಮ್ಯಾಲ ನಡುವ 10 ಡಿಗ್ರಿ ಇಟ್ಟೆ. 8 ಇದ್ದದ್ದು ಒಂದ್ ಸುತ್ತಿಗೆ 7.76. ಪ್ರತಿ ಸುತ್ತಿಗೆ ಕೋನದ ಕೊಸೈನ್ ವರ್ಗದಷ್ಟು ಉಳೀತದ, ಅಂದ್ರ 1ರ ಒಳಗ ಬರ್ಲಿಕ್ಕೆ 68 ಸುತ್ತು.

ಆಗ ತಲಿಗೆ ಹೊಳೀತು. ಪ್ರೋಟೀನ್ ಜಾಸ್ತಿ ಇರೋ ಹಿಂಡೀನೇ ತುಟ್ಟಿ, ಹಂಗಾಗಿ ಪ್ರೋಟೀನ್ ಗೆರಿ, ರೊಕ್ಕದ ಗೆರಿ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಓಡ್ಲಿಕತ್ತಾವ, ಪಾಪ ಲ್ಯಾಪ್‌ಟಾಪಿಂದೇನು ತಪ್ಪು! ಗಡಿಗೇ ನಿಂದ್ರದ, ಗಡಿ ತನಕ ಇರೋ ದೂರದ ಒಂದೂವರಿ ಪಟ್ಟು ಹಾರಿಸಿದೆ (ಎರಡು ಪಟ್ಟಿನ ಒಳಗಿದ್ರ ನಡೀತದ), ಸ್ವಲ್ಪ ಚುರುಕಾತು.

ಮುಂದಿನ ವಾರ ಹಿಂಡಿ ರೇಟ್ ಏರ್ತು. ಹೊಸಾ ರೇಟ್ ಹಾಕಿ ಓಡಿಸಿದ್ರ ಉತ್ತರ ಪ್ರೋಟೀನ್ ಗಡಿ, ರೊಕ್ಕದ ಗಡಿ ನಡುವ ಅವೇ ಎರಡು ಜಾಗಕ್ಕ ಹೋಗದು ಬರದು, ನಡುವಿನ ಅಂತರ ಕಡಿಮಿನೇ ಆಗವಲ್ದು. ಅಂದ್ರ ಗೆರಿ ಕೂಡೋದೇ ಇಲ್ಲ. ಕಾಕಾಗ ಫೋನ್ ಹಚ್ಚಿ, ಈ ರೊಕ್ಕದಾಗ ಆಗಂಗಿಲ್ರಿ ಅಂದೆ.

"ಅದು ಅಂಗಡ್ಯಾಗೇ ಗೊತ್ತಾತಲ್ಲೋ ತಮ್ಮಾ, ಹಿಂಡಿ ಬಿಟ್ಟು ಬಂದೀನಿ" ಅಂದ್ರು.