ಮೊದಲು ನಕಲು, ಕೊನೆಗೆ ಫಿಲ್ಟರ್: ಧ್ವನಿ ಪರೀಕ್ಷೆ ಕಲಿಯುವವರಿಗೆ

ಫೊರೆನ್ಸಿಕ್ ಆಡಿಯೊ, ಅಂದರೆ ಕೋರ್ಟಿಗೆ ಬರುವ ರೆಕಾರ್ಡಿಂಗ್ ಪರೀಕ್ಷಿಸುವ ವಿದ್ಯೆ, ಕಲಿಯಬೇಕೆನ್ನುವ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಮೊದಲು ಕೇಳುವುದು ಸಾಫ್ಟ್‌ವೇರ್ ಯಾವುದು ಅಂತ. ಪ್ರಾಟ್ ಮತ್ತು ಆಡಾಸಿಟಿ ಸಾಕು, ಎರಡೂ ಪುಕ್ಕಟೆ. ಜೊತೆಗೆ ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ ಇರಲಿ. ಬ್ಲೂಟೂತ್ ಬೇಡ, ಅದು ಧ್ವನಿಯನ್ನು ಇನ್ನೊಂದು ಸಲ ಹಿಂಡುತ್ತದೆ. ಎಡವುವುದು ಸಾಫ್ಟ್‌ವೇರಿನಲ್ಲಲ್ಲ, ಕೆಲಸದ ಕ್ರಮದಲ್ಲಿ. ಹೊಸಬರು ಫೈಲ್ ತೆರೆದ ಕೂಡಲೇ ಗದ್ದಲ ತೆಗೆಯಲು ಹೊರಡುತ್ತಾರೆ. ಅದು ಕಟ್ಟಕಡೆಯ ಹೆಜ್ಜೆ.

ಮೊದಲ ಹೆಜ್ಜೆ ನಕಲು. ಮೂಲ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ಬರುವ, ಬೆರಳಚ್ಚಿನಂಥ ಗುರುತು) ತೆಗೆದು ಬರೆದಿಡಿ, ನಕಲಿನದ್ದೂ ತೆಗೆಯಿರಿ, ಎರಡೂ ಒಂದೇ ಇದ್ದರೆ ಮಾತ್ರ ಮುಂದಕ್ಕೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್‌ಗೆಂದೇ ಜಾಗವಿದೆ. ‘ಎ’ ಭಾಗವನ್ನು ಸಾಕ್ಷ್ಯ ಕೊಡುವವರು ತುಂಬಬೇಕು, ‘ಬಿ’ ಭಾಗವನ್ನು ತಜ್ಞರು. ನಮೂನೆಯಲ್ಲಿ ಎಂಡಿ5 ಎಂಬ ಹಳೆಯ ಬಗೆಯ ಹ್ಯಾಶ್ ಕೂಡ ಇದೆ, ಆದರೆ ಬೇರೆ ಬೇರೆ ಫೈಲಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದೆಂದು ಎಂದೋ ಸಾಬೀತಾಗಿದೆ. ಅದೊಂದನ್ನೇ ನಂಬಿ ಕೂರಬೇಡಿ.

ಆಮೇಲೆ, ಫೈಲ್ ಎಲ್ಲಿಂದ ಬಂತು ಅನ್ನುವುದು. ನಮ್ಮ ಕಡೆ ಬಹುತೇಕ ಎಲ್ಲವೂ ವಾಟ್ಸಾಪ್ ಹೊಳೆ ದಾಟಿಯೇ ಬರುತ್ತದೆ. ರೆಕಾರ್ಡ್ ಮಾಡಿದ ಫೋನೇ ಕೈಗೆ ಸಿಗುವ ಹಾಗಿದ್ದರೆ ಫಾರ್ವರ್ಡ್ ಆದ ಪ್ರತಿಯನ್ನು ಮುಟ್ಟುವ ಅಗತ್ಯವಿಲ್ಲ. ಒಂದು ಫೋನಿನಲ್ಲಿ ಹಾಕಿ ಇನ್ನೊಂದರಲ್ಲಿ ಹಿಡಿದದ್ದಾದರೆ ಕೋಣೆಯ ಅನುರಣನ (ಗೋಡೆಗೆ ಬಡಿದು ಬರುವ ಮಾರ್ದನಿ) ಎರಡು ಪದರವಾಗಿ ಕೂತಿರುತ್ತದೆ. ಮಾತು ನಿಂತ ಜಾಗದಲ್ಲಿ ಅದರ ಬಾಲ ಕೇಳುತ್ತದೆ.

ರೆಕಾರ್ಡಿಂಗಿಗೆ ಎಲ್ಲಿ ಕತ್ತರಿ ಬಿದ್ದಿದೆ ಎಂದು ಹುಡುಕುವಾಗ ಮಾತಿಗಿಂತ ಹಿನ್ನೆಲೆಯನ್ನೇ ಹೆಚ್ಚು ಕೇಳಿ. ಅಡುಗೆಮನೆಯಲ್ಲಿ ಹಾಸನ ಆಕಾಶವಾಣಿಯ ಹಾಡು ಬರುತ್ತಿದ್ದರೆ ತಾಳ ಎಲ್ಲಿ ಹಾರಿತೋ ಅಲ್ಲಿ ಗುರುತು ಹಾಕಿ. ಆದರೆ ಅದನ್ನು ‘ತಿದ್ದುಪಡಿ’ ಅಂತ ಬರೆಯಬೇಡಿ. ರೆಕಾರ್ಡರಿನಲ್ಲಿ ಪಾಝ್ ಒತ್ತಿ ನಿಲ್ಲಿಸಿದ್ದರೂ, ನಡುವೆ ಕರೆ ಬಂದರೂ ಹೀಗೇ ಕಾಣಬಹುದು. ‘ಇಲ್ಲಿ ನಿರಂತರತೆ ತಪ್ಪಿದೆ’, ಅಷ್ಟೇ ಬರೆಯಿರಿ.

ಈಗ ಕರೆಂಟಿನ ವಿಷಯ. ಫ್ಯಾನು, ಫ್ರಿಜ್ಜು, ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಸದ್ದು ರೆಕಾರ್ಡಿಂಗಿನಲ್ಲಿ 50 ಹರ್ಟ್ಸ್‌ನಲ್ಲೋ, ಅದಕ್ಕಿಂತ ಹೆಚ್ಚಾಗಿ 100ರಲ್ಲೋ ಉಳಿಯುತ್ತದೆ. ಗ್ರಿಡ್‌ನ ಆವರ್ತನ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ. ನಿಯಮದ ಪ್ರಕಾರ 49.90ರಿಂದ 50.05ರ ಒಳಗಿರಬೇಕು, ಆ ಏರಿಳಿತವನ್ನು ಗ್ರಿಡ್‌ನ ದಾಖಲೆಗೆ ಹೊಂದಿಸಿದರೆ ಸಮಯ ಹೇಳಬಹುದು. ಊರು ಹೇಳಲು ಆಗದು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸೇರಿದ ಮೇಲೆ, ಹಾಸನದಲ್ಲೂ ದೆಹಲಿಯಲ್ಲೂ ಗುಂಯ್‌ಗುಡುವುದು ಒಂದೇ ರಾಗ. ಒಂದು ಸಲಕ್ಕೆ 16 ಸೆಕೆಂಡಿನ ತುಂಡು (ಕಿಟಕಿ) ಇಟ್ಟು ಅಳೆದರೆ ಸಿಗುವ ಸೂಕ್ಷ್ಮತೆ 0.0625 ಹರ್ಟ್ಸ್, ಇಷ್ಟು ಸಣ್ಣ ಏರಿಳಿತಕ್ಕೆ ಅದು ಒರಟು, ಅಂದರೆ ನಡುವಿನ ಬೆಲೆಯನ್ನು ಲೆಕ್ಕದಿಂದ ಅಂದಾಜಿಸುವ ಇಂಟರ್‌ಪೊಲೇಶನ್ ಇಲ್ಲದೆ ಆಗುವುದಿಲ್ಲ. ರೆಕಾರ್ಡಿಂಗ್ ಹತ್ತು ನಿಮಿಷವಾದರೂ ಇರಲಿ. ಆವರ್ತನದ ಏರಿಳಿತ ತೋರಿಸುವ ಎರಡು ನಿಮಿಷದ ಗೆರೆ ವರ್ಷದ ದಾಖಲೆಯಲ್ಲಿ ಎಲ್ಲೆಲ್ಲೋ ಹೊಂದಿಬಿಡುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಇನ್ನೊಂದು ತಾಪತ್ರಯ ಕರೆಂಟ್ ಹೋಗುವುದು. ಆಗ ಕೇಳುವ ಗುಂಯ್ ಇನ್ವರ್ಟರಿನದ್ದು, ಗ್ರಿಡ್‌ನದ್ದಲ್ಲ. ಗೆರೆ ಕಡ್ಡಿಯಿಟ್ಟ ಹಾಗೆ ನೇರವಾಗಿದ್ದರೆ ಅನುಮಾನಿಸಿ. ಎಸ್ಟೇಟಿನ ಡೀಸೆಲ್ ಜನರೇಟರ್ ಇದಕ್ಕೆ ತದ್ವಿರುದ್ಧ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದಾಗ ಎಂಜಿನ್ ಏದುಸಿರುಬಿಟ್ಟು ಗೆರೆ ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ. ಎರಡರಲ್ಲೂ ಸಮಯ ಸಿಗದು.

ಧ್ವನಿ ಹೋಲಿಕೆಗೆ ಬಂದರೆ, ಮ್ಯಾಜಿಸ್ಟ್ರೇಟರು ಧ್ವನಿಯ ಮಾದರಿ ಕೊಡಲು ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಹೇಳಿತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 349ನೇ ಕಲಂನಲ್ಲೂ ಅದಿದೆ. ಮಾದರಿ ಕೆಡುವುದು ಮಾತ್ರ ಓದಿಸುವುದರಲ್ಲಿ. ಫೋನಿನಲ್ಲಿ ‘ಓಯ್ತೀನಿ’, ‘ಐತೆ’ ಅಂದ ಅರಸೀಕೆರೆಯ ಕಡೆಯವರ ಕೈಗೆ ಕಾಗದ ಕೊಟ್ಟು ನೋಡಿ, ‘ಹೋಗುತ್ತೇನೆ’, ‘ಇದೆ’ ಅಂತ ಶಾಲೆಯ ಕನ್ನಡ ಹೊರಡುತ್ತದೆ. ಬಿಟ್ಟ ಹಕಾರ ವಾಪಸ್ ಬರುತ್ತದೆ, ಲಯ ಬದಲಾಗುತ್ತದೆ. ಮೊದಲು ಐದು ನಿಮಿಷ ಬೆಳೆ, ಮಳೆ ಅಂತ ಹರಟೆಗೆಳೆದು, ಬೇಕಾದ ಮಾತುಗಳನ್ನು ನಡುವೆ ಮೂರು ಸಲ ಬರುವಂತೆ ಮಾಡಿ. ಮನೆಯಲ್ಲಿ ಸಂಕೇತಿಯೋ ತುಳುವೋ ಆಡುವವರಾದರೆ, ವಿವಾದದ ಮಾತು ಯಾವ ಭಾಷೆಯಲ್ಲಿದೆಯೋ ಮಾದರಿಯೂ ಅದರಲ್ಲೇ ಇರಬೇಕು.

ಫೋನಿನ ಧ್ವನಿಗೆ ಫೋನಿನದ್ದೇ ಜೋಡಿ. ಹಳೆಯ ಬಗೆಯ ಕರೆಯಲ್ಲಿ ಉಳಿಯುವುದು ಸುಮಾರು 300ರಿಂದ 3400 ಹರ್ಟ್ಸ್. ಕೆಳಗಿನ ಕಡಿತದಿಂದ ಇ, ಉ ಸ್ವರಗಳ ಮೊದಲ ಫಾರ್ಮಂಟ್ (ಬಾಯಿ–ಗಂಟಲಿನ ಆಕಾರದಿಂದ ಬಲ ಪಡೆಯುವ ಆವರ್ತನ) ಇರುವುದಕ್ಕಿಂತ ಮೇಲೆ ಅಳತೆಗೆ ಸಿಗುತ್ತದೆ. ಮೇಲಿನ ಕಡಿತದಿಂದ ಶ–ಸ ವ್ಯತ್ಯಾಸ ಮಸುಕಾಗುತ್ತದೆ. ‘ಶಾಂತಮ್ಮ’ ‘ಸಾಂತಮ್ಮ’ ಆದದ್ದು ಬಾಯಿಂದಲೋ ಧ್ವನಿ ಹಿಂಡುವ ಕೊಡೆಕ್‌ನಿಂದಲೋ ಎಂದು ನೋಡದೆ ಲಕ್ಷಣದ ಪಟ್ಟಿಗೆ ಸೇರಿಸಬೇಡಿ. ಟ, ಣ, ಳಗಳಲ್ಲಿ ಮೂರನೇ ಫಾರ್ಮಂಟ್ ಕೆಳಕ್ಕೆ ಬಾಗುವುದು 300ರಿಂದ 3400 ಹರ್ಟ್ಸ್‌ನ ಈ ಹರವಿನೊಳಗೇ ಉಳಿಯುತ್ತದೆ, ಅದು ಕೆಲಸಕ್ಕೆ ಬರುತ್ತದೆ. ಪ್ರಾಟ್‌ನಲ್ಲಿ ಫಾರ್ಮಂಟ್ ಮಿತಿ ಗಂಡಸಿಗೆ 5000, ಹೆಂಗಸಿಗೆ 5500 ಹರ್ಟ್ಸ್. ಬದಲಿಸಲು ಮರೆತರೆ ಇಲ್ಲದ ಫಾರ್ಮಂಟ್ ಕಾಣುತ್ತದೆ. ಮೌನ ಕಳೆದು ಅರ್ಧ ನಿಮಿಷದ ಮಾತೂ ಉಳಿಯದಿದ್ದರೆ ಹೋಲಿಕೆಯೇ ಬೇಡ ಅನ್ನುವುದು ನನ್ನ ಪಕ್ಷ.

ಕ್ರಮವಾಗಿ ಕಲಿಯಲು ಹತ್ತಿರದ ದಾರಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಫೊರೆನ್ಸಿಕ್ ಸ್ಪೀಚ್ ವಿಷಯದಲ್ಲಿ ಅಲ್ಲಿ ಪಿಜಿ ಡಿಪ್ಲೊಮಾ ಇದೆ. ರಾಷ್ಟ್ರೀಯ ನ್ಯಾಯ ವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಫಿಲ್ಟರ್, ಅದೂ ನಕಲಿನ ಮೇಲೆ. ಜೀರುಂಡೆಯ ಸದ್ದು ಸ್ಪೆಕ್ಟ್ರೋಗ್ರಾಮಿನಲ್ಲಿ (ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ) ಸಣ್ಣ ಪಟ್ಟಿಯಾಗಿ ಮೇಲೆ ಕೂತಿದ್ದರೆ ಸುಲಭವಾಗಿ ಹೋಗುತ್ತದೆ. ತಗಡಿನ ಮಾಡಿನ ಮೇಲೆ ಬಿದ್ದ ಮಳೆ ಹೋಗದು, ಅದು ಮಾತಿನ ಉದ್ದಗಲಕ್ಕೂ ಹರಡಿರುತ್ತದೆ. ಒತ್ತಾಯದಿಂದ ತೆಗೆದರೆ ಕಿಣಿಕಿಣಿ ಸದ್ದು ಉಳಿದು, ಅದರಲ್ಲಿ ಕಿವಿ ತನಗೆ ಬೇಕಾದ ಪದ ಕಟ್ಟಿಕೊಳ್ಳುತ್ತದೆ. ಮಾತನ್ನು ಬರಹಕ್ಕಿಳಿಸುವಾಗ ಇಬ್ಬರು ಬೇರೆ ಬೇರೆ ಕೂತು, ಪ್ರಕರಣ ಏನೆಂದು ತಿಳಿಯದೆ ಬರೆಯಲಿ. ಇಬ್ಬರದ್ದೂ ಕೂಡದ ಜಾಗದಲ್ಲಿ ‘ಕೇಳಿಸಲಿಲ್ಲ’ ಎಂದು ಹಾಕಿ, ಪಕ್ಕದಲ್ಲಿ ನಿಮಿಷ–ಸೆಕೆಂಡ್ ಬರೆಯಿರಿ.